ಕುಜನ ಆಕಾಶಕ್ಕೆ ಎರಡು ಬಣ್ಣ

ಅಮೆರಿಕಕ್ಕೆ ಹೋಗಿ ಬಂದ ಮೇಲೆ ಹುಣಸೂರಿನಲ್ಲಿ ಎದುರಾದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಅಲ್ಲಿ ಏನೇನು ನೋಡಿದಿರಿ? ಮುಗಿಲು ಮುಟ್ಟುವ ಕಟ್ಟಡಗಳನ್ನು ನಾನು ನೋಡಲಿಲ್ಲ. ಹೆಸರಾಂತ ಜಲಪಾತವನ್ನೂ ನೋಡಲಿಲ್ಲ. ನೋಡಿದ್ದು ಹೊಗೆಸೊಪ್ಪಿನ ಹೊಲ ಮತ್ತು ಮಂಗಳ ಗ್ರಹ. ಹೊಗೆಸೊಪ್ಪು ನೋಡಲು ಅಷ್ಟು ದೂರ ಹೋಗಬೇಕಿತ್ತೇ, ಪಿರಿಯಾಪಟ್ಟಣದ ಬಸ್ಸು ಹತ್ತಿದ್ದರೆ ಸಾಕಿತ್ತಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಮಂಗಳ ಗ್ರಹಕ್ಕೆ ಇನ್ನೂ ಬಸ್ಸು ಬಿಟ್ಟಿಲ್ಲವಾದ್ದರಿಂದ ಆ ಭಾಗವನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ನಾನು ಹುಣಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಒಂದು ಸ್ಟುಡಿಯೋದಲ್ಲಿ ಕೂತು ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ಹಾಕುವುದು ನನ್ನ ಇನ್ನೊಂದು ಕಸುಬು. ಸೀರೆಗೆ ಕೆಂಪು, ಕೆನ್ನೆಗೆ ಗುಲಾಬಿ, ತಲೆಯ ಮೇಲಿನ ಖಾಲಿ ಜಾಗಕ್ಕೆ ನೀಲಿ. ಸೀರೆ ನಿಜವಾಗಿ ಯಾವ ಬಣ್ಣದ್ದಾಗಿತ್ತು ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹೀಗೆ ಎರಡೂ ಕಡೆಯವರು ಮರ್ಯಾದೆಯಿಂದ ಬಾಳಿಕೊಂಡು ಬಂದಿದ್ದೇವೆ.

ಎಪ್ಪತ್ತಾರನೇ ಇಸವಿಯ ಮಾತು. ರೈತರ ಸಂಘವೊಂದು ನಮ್ಮ ಹೊಗೆಸೊಪ್ಪಿನ ಬೆಳೆಗಾರರೊಬ್ಬರನ್ನು ಅಮೆರಿಕದ ಬೆಳೆಗಾರರೊಬ್ಬರ ಮನೆಗೆ ಕಳಿಸುವ ಏರ್ಪಾಟು ಮಾಡಿತು. ಆಯ್ಕೆಯಾದವರು ಪಿರಿಯಾಪಟ್ಟಣದ ಹತ್ತಿರದ ತಮ್ಮೇಗೌಡರು. ಅವರಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬರು ಬೇಕು. ವಕೀಲರು, ಡಾಕ್ಟರು ಎಲ್ಲ ಹಲ್ಲು ಕಿರಿದು ನಿಂತಿರುವಾಗ ಗೌಡರು ನನ್ನ ಹೆಸರು ಹೇಳಿದರು. ಅವರ ತಂದೆಯ ಫೋಟೋದಲ್ಲಿ ಕೋಟಿಗೆ ಇಲ್ಲದ ಚಿನ್ನದ ಗುಂಡಿಗಳನ್ನು ಹಾಕಿಕೊಟ್ಟವನು ನಾನು. ಆ ಉಪಕಾರವನ್ನು ಅವರು ಮರೆತಿರಲಿಲ್ಲ. ಗೌಡರಿಗೆ ಇಂಗ್ಲಿಷ್ ಗೊತ್ತಿಲ್ಲ, ನನಗೆ ಹೊಗೆಸೊಪ್ಪು ಗೊತ್ತಿಲ್ಲ. ಇಬ್ಬರೂ ಸೇರಿದರೆ ಒಬ್ಬ ತಿಳಿವಳಿಕಸ್ಥನಾಗಬಹುದು ಎಂದು ಸಂಘದವರು ಲೆಕ್ಕ ಹಾಕಿದರು.

ಆದರೆ ಗೌಡರು ಹೊರಟಿದ್ದು ಬರೀ ಹೊಗೆಸೊಪ್ಪಿಗಲ್ಲ. ಅವರ ಮಗಳು ರತ್ನ ಒಂದು ಕಾಲಕ್ಕೆ ನನ್ನ ಶಿಷ್ಯೆ, ಅವಳು ಎಳೆದ ಗೆರೆಗೆ ರಬ್ಬರು ಬೇಕಾಗುತ್ತಿರಲಿಲ್ಲ. ಅವಳ ಜಾತಕದಲ್ಲಿ ಕುಜ ದೋಷವಿದೆ ಎಂದು ಜೋಯಿಸರು ಹೇಳಿದ್ದರು. ಮಂಗಳ ಗ್ರಹ ಕೆಟ್ಟ ಮನೆಯಲ್ಲಿ ಕೂತಿದೆ, ಕಟ್ಟಿಕೊಂಡ ಗಂಡನಿಗೆ ಆಗುವುದಿಲ್ಲ ಎಂದು ಬಂದ ಸಂಬಂಧವೆಲ್ಲ ಬಾಗಿಲಿನಿಂದಲೇ ಹಿಂದಿರುಗುತ್ತಿತ್ತು. ಅವಳ ತಾಯಿ ಜಯಮ್ಮನವರು ವರ್ಷಗಳಿಂದ ಮಂಗಳವಾರ ತಪ್ಪದೆ ಉಪವಾಸ ಮಾಡುತ್ತಿದ್ದರು. ಈಗ ಕೆ.ಆರ್. ನಗರದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಅವನ ಅಪ್ಪ ಒಪ್ಪಿದ್ದರು. ಹುಡುಗನ ಅಜ್ಜಿ ದೊಡ್ಡತಾಯಮ್ಮ ಮಾತ್ರ ಕುಜನ ಹೆಸರು ಹೇಳಿ ಕೂತುಬಿಟ್ಟಿದ್ದರು. ಅಷ್ಟರಲ್ಲಿ ಅಮೆರಿಕದವರು ಮಂಗಳನ ಮೇಲೆ ಒಂದು ಯಂತ್ರ ಇಳಿಸುತ್ತಾರಂತೆ, ಅದು ಬಣ್ಣದ ಫೋಟೋ ತೆಗೆದು ಕಳಿಸುತ್ತದಂತೆ ಎಂದು ರೇಡಿಯೋದಲ್ಲಿ ಬಂತು.

"ಮೇಷ್ಟ್ರೇ, ಅದರ ಮಖ ಇಲ್ಲೀಗಂಟ ಯಾರೂ ಕಂಡಿಲ್ಲ. ಅದ್ಕೇ ಈ ಭಯ. ಒಂದು ಬಣ್ಣದ ಪಟ ತಂದು ಆ ಮುದುಕಿ ಮುಂದೆ ಮಡಗ್‌ಬುಟ್ರೆ ಮುಗೀತು ಕಣ್ರೀ" ಎಂದರು ಗೌಡರು.

ಹುಣಸೂರು ಬಸ್ ಸ್ಟ್ಯಾಂಡಿಗೆ ರತ್ನಳೂ ಬಂದಿದ್ದಳು. ಅಪ್ಪ ಸಾಮಾನು ಮೇಲೇರಿಸುವುದರಲ್ಲಿದ್ದಾಗ ನನ್ನ ಕಿಟಕಿಯ ಹತ್ತಿರ ಬಂದು, "ಮೇಷ್ಟ್ರೇ, ನಾನು ಆ ಕುಜನಿಗೇನ್ ಮಾಡಿದ್ದೀನಿ ಅಂತ ಒಸಿ ವಿಚಾರಿಸ್ಕೊಂಡ್ ಬನ್ನಿ" ಎಂದಳು. ನಕ್ಕುಕೊಂಡೇ ಹೇಳಿದಳು.

ಕಸ್ಟಮ್ಸಿನವರ ಮುಂದೆ

ವಿಮಾನದ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ಅಲ್ಲಿ ಕೊಟ್ಟ ಊಟವನ್ನು ಗೌಡರು ಮೂಸಿ ನೋಡಿ ನನಗೆ ದಾನ ಮಾಡಿದರು. ಅವರ ಚೀಲದಲ್ಲಿ ರಾಗಿ ಹುರಿಹಿಟ್ಟಿತ್ತು. ಅದೇ ನಮ್ಮನ್ನು ಕಸ್ಟಮ್ಸಿನಲ್ಲಿ ನಿಲ್ಲಿಸಿತು. ದಢೂತಿ ಅಧಿಕಾರಿಯೊಬ್ಬ ಹಿಟ್ಟಿಗೆ ಬೆರಳದ್ದಿ ಇದೇನೆಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ರಾಗಿಯ ಚರಿತ್ರೆ ಶುರು ಮಾಡುವಷ್ಟರಲ್ಲಿ ಗೌಡರು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ಒಣ ಹಿಟ್ಟು ಗಂಟಲಿಗೆ ಕಟ್ಟಿಕೊಂಡು ಕಣ್ಣಲ್ಲಿ ನೀರು ಬಂದು ಕೆಮ್ಮಿದರು. ಅಧಿಕಾರಿಯ ಕೋಟು ರಾಗಿ ಬಣ್ಣಕ್ಕೆ ತಿರುಗಿತು. ಅವನೇ ಓಡಿಹೋಗಿ ನೀರು ತಂದುಕೊಟ್ಟ. ಒಳ್ಳೆಯ ಮನುಷ್ಯ.

ಆಮೇಲೆ ನನ್ನ ಬಣ್ಣದ ಪೆಟ್ಟಿಗೆ ಬಿಚ್ಚಿಸಿದ. ಫೋಟೋಗಳಿಗೆ ಬಣ್ಣ ಹಾಕುತ್ತೇನೆ ಎಂದೆ.

ನಿಮ್ಮ ದೇಶದಲ್ಲಿ ಕಲರ್ ಫಿಲಂ ಸಿಗುವುದಿಲ್ಲವೇ ಎಂದು ಕೇಳಿದ.

ಸಿಗುತ್ತದೆ, ಆದರೆ ಅದು ಹೇಳಿದ ಮಾತು ಕೇಳುವುದಿಲ್ಲ ಎಂದೆ.

ಅರ್ಲ್ ಮನೆ, ನಾರ್ತ್ ಕ್ಯಾರೊಲಿನಾ

ನಮ್ಮನ್ನು ಇಟ್ಟುಕೊಂಡವರು ಅರ್ಲ್ ಮತ್ತು ಅವನ ಹೆಂಡತಿ ಡೋರಿಸ್. ಕಣ್ಣು ಹಾಯುವಷ್ಟು ದೂರ ಹೊಗೆಸೊಪ್ಪು. ಅರ್ಲ್ ಸೊಪ್ಪನ್ನು ಶಾಖಕ್ಕೆ ಒಣಗಿಸಿ ಬೇಯಿಸುವ ಬ್ಯಾರನ್ ಮನೆ ತೋರಿಸಿದ. ನಮ್ಮಲ್ಲಿ ಬ್ಯಾರನ್ನಿಗೆ ಸೌದೆ ಒಡ್ಡಿ, ಬೆಂಕಿ ಜಾಸ್ತಿಯಾಗದ ಹಾಗೆ ರಾತ್ರಿಯೆಲ್ಲ ಕಾದು ಕೂರುತ್ತಾರೆ. ಅವನದು ಗ್ಯಾಸಿನಲ್ಲಿ ಉರಿಯುತ್ತದೆ, ತಿರುಪು ತಿರುಗಿಸಿ ಮನೆಗೆ ಹೋಗಿ ಮಲಗುತ್ತಾನೆ. ನಾನು ಬೆರಗಾಗಿ ನಿಂತೆ. ಗೌಡರು ಮರುಕದಿಂದ ತಲೆ ಆಡಿಸಿ, "ಬ್ಯಾರನ್ ಮುಂದೆ ಕೂತು ಒಂದು ಬೀಡಿ ಸೇದಿ ನಾಕು ಮಾತಾಡೋ ಭಾಗ್ಯ ಇಲ್ವಲ್ಲಾ ಇವ್ನಿಗೆ" ಎಂದರು. ಅದ್ಭುತವಾಗಿದೆ ಎನ್ನುತ್ತಿದ್ದಾರೆ ಎಂದು ನಾನು ಅರ್ಲ್‌ಗೆ ಹೇಳಿದೆ.

ಅವರ ಊಟದ ಪದ್ಧತಿಯಿಂದ ನಾವು ಸೋತುಹೋದೆವು. ಡೋರಿಸ್ ಬಟ್ಟಲು ಹಿಡಿದು ಇನ್ನೂ ಬೇಕೇ ಎಂದು ಕೇಳುವಳು. ಗೌಡರು ಸಂಕೋಚಕ್ಕೆ ಬೇಡ ಎನ್ನುವರು. ಬಟ್ಟಲು ಮುಂದಕ್ಕೆ ಹೋಗಿಬಿಡುವುದು, ಮತ್ತೆ ಬರುವುದಿಲ್ಲ! ನಮ್ಮಲ್ಲಿ ಬೇಡ ಎಂದರೆ ಇನ್ನೊಂದು ಸಲ ಕೇಳಿ ಎಂದರ್ಥ. ಎರಡನೇ ಸಲ ಬೇಡ ಎಂದರೆ ಬಡಿಸಿ ಎಂದರ್ಥ. ಎಲೆಯ ಮೇಲೆ ಅಡ್ಡ ಕವುಚಿ ಮಲಗಿದರೆ ಮಾತ್ರ ಹೊಟ್ಟೆ ತುಂಬಿದೆಯೇನೋ ಎಂಬ ಅನುಮಾನ ಬರುತ್ತದೆ. ಅಲ್ಲಿ ಕೇಳುವುದು ಒಂದೇ ಸಲ. ಮೊದಲ ವಾರವೆಲ್ಲ ಗೌಡರು ಕೋಣೆಗೆ ಬಂದು ಹುರಿಹಿಟ್ಟಿಗೆ ಸಕ್ಕರೆ ಕಲಸಿಕೊಂಡರು.

"ಕರೆಯೋರು ಸರಿಯಾಗಿ ಕರೀದಿದ್ರೆ ಹೆಂಗ್ ಮೇಷ್ಟ್ರೇ ಉಣ್ಣೋದು?" ಎನ್ನುತ್ತಿದ್ದರು.

ನೀಲಿ ದಿನ

ಯಂತ್ರ ಮಂಗಳನ ಮೇಲೆ ಇಳಿಯಿತು. ಮೊದಲು ಕಪ್ಪು ಬಿಳುಪು ಚಿತ್ರಗಳು ಬಂದವು. ಮಾರನೆಯ ಸಂಜೆಯ ವಾರ್ತೆಯಲ್ಲಿ ಬಣ್ಣದ ಚಿತ್ರ ತೋರಿಸುತ್ತಾರೆ ಎಂದು ಡೋರಿಸ್ ಹೇಳಿದಳು. ಗೌಡರು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಟಿ.ವಿ. ಮುಂದೆ ಕೂತರು. ಬಣ್ಣದ ಟಿ.ವಿ.ಯನ್ನು ನಾವಿಬ್ಬರೂ ಕಂಡದ್ದೇ ಅಲ್ಲಿ. ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದರಿಂದ ಅರ್ಲ್ ಕೂಡ ಏನೋ ವಿಧಿಯಿರಬೇಕೆಂದು ನೆಲದ ಮೇಲೆ ಕೂತ.

ಚಿತ್ರ ಬಂತು. ಕೆಂಗಂದು ನೆಲ. ಎಲ್ಲಿ ನೋಡಿದರೂ ಕಲ್ಲು, ಸಣ್ಣದು, ದೊಡ್ಡದು, ಚೂಪಾದದ್ದು. ಮೇಲೆ ತಿಳಿನೀಲಿ ಆಕಾಶ. ಅಷ್ಟೇ. ಮಳೆ ಬಿದ್ದಿಲ್ಲದ ನಮ್ಮ ಹೊಲವೇ ಅದು.

ಗೌಡರ ಕಣ್ಣಲ್ಲಿ ನೀರಾಡಿತು. "ಉತ್ತಿಲ್ಲ ಅನ್ನೋದೊಂದು ಬುಟ್ರೆ ಏನ್ ಕೆಟ್ಟದಾಗದೆ ಮೇಷ್ಟ್ರೇ? ಕಲ್ಲು ಆಯ್ದು ಹಾಕಿದ್ರೆ ರಾಗಿ ಬೆಳೀಬೋದು. ಇದಕ್ಕಾ ನನ್ನ ಮಗಳನ್ನ ಬ್ಯಾಡ ಅಂದಿದ್ದು ಇವ್ರೆಲ್ಲ?"

ಆ ಚಿತ್ರ ನಮಗೆ ಬೇಕೆಂದು ಕೇಳಿದೆವು. ಡೋರಿಸ್ ಮಾರನೆಯ ಬೆಳಿಗ್ಗೆಯೇ ಊರಿನ ಪತ್ರಿಕೆಯ ಕಚೇರಿಗೆ ಹೋಗಿ, ಗೋಗರೆದು ಎರಡು ಪ್ರತಿ ತಂದಳು. ಪತ್ರಿಕೆಯವರ ಬಳಿ ಇದ್ದದ್ದು ಕಪ್ಪು ಬಿಳುಪಿನದೇ. ಗೌಡರು ಬೇಸರಪಡಲಿಲ್ಲ. ಜಗತ್ತಿನ ಅತಿ ಶ್ರೀಮಂತ ದೇಶಕ್ಕೆ ಹುಣಸೂರಿನಿಂದ ಬಣ್ಣದ ಪೆಟ್ಟಿಗೆ ಹೊತ್ತು ತಂದವನು ಪಕ್ಕದಲ್ಲೇ ಇದ್ದನಲ್ಲ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು, ಹಿಂದಿನ ಸಂಜೆ ನೋಡಿದ್ದನ್ನು ನೆನೆದು ಒಂದು ಪ್ರತಿಗೆ ಬಣ್ಣ ಹಾಕಿದೆ. ಆಕಾಶಕ್ಕೆ ಬಂದಾಗ ಕೈ ಯೋಚಿಸಲೂ ಇಲ್ಲ, ತಾನಾಗಿ ನೀಲಿಯ ಬಟ್ಟಲಿಗೆ ಹೋಯಿತು.

ಗುಲಾಬಿ ದಿನ

ಅದೇ ಸಂಜೆ ಮತ್ತೆ ವಾರ್ತೆ. ಅದೇ ಚಿತ್ರ, ಅದೇ ಕಲ್ಲುಗಳು. ಆದರೆ ಆಕಾಶ ನೀಲಿಯಾಗಿರಲಿಲ್ಲ. ನಮ್ಮ ಗಾರೆ ಗೋಡೆಗೆ ಬೇಸಿಗೆಯ ಧೂಳು ಹತ್ತಿದ ಹಾಗೆ, ಕೆಂಪು ಬೆರೆತ ಗುಲಾಬಿ. ಟೈ ಕಟ್ಟಿದ ವಿಜ್ಞಾನಿಯೊಬ್ಬ ಬಂದು, ನಿನ್ನೆ ತೋರಿಸಿದ ಬಣ್ಣ ತಪ್ಪು, ನಾವು ಅವಸರ ಮಾಡಿದೆವು ಎಂದ. ಆ ಕ್ಯಾಮೆರಾ ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಬೇರೆ ಬೇರೆ ಚಿತ್ರ ತೆಗೆಯುತ್ತದಂತೆ. ಮೂರನ್ನೂ ಇಲ್ಲಿ ಸೇರಿಸಿ ಹದ ಮಾಡಬೇಕು. ಯಂತ್ರದ ಮೈಮೇಲೇ ಬಣ್ಣದ ಬಿಲ್ಲೆಗಳನ್ನು ಅಂಟಿಸಿ ಕಳಿಸಿದ್ದಾರಂತೆ, ಅವು ಚಿತ್ರದಲ್ಲಿ ಸರಿಯಾಗಿ ಕಾಣುವ ಹಾಗೆ ಹೊಂದಿಸಿದಾಗ ಆಕಾಶ ಹೀಗಾಯಿತಂತೆ. ಅಲ್ಲಿನ ಗಾಳಿಯಲ್ಲೇ ಕೆಂಪು ಧೂಳು ತುಂಬಿದೆ ಎಂದ.

ನನಗೆ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಬಂತು. ಅವನೂ ನನ್ನ ಕಸುಬಿನವನೇ. ತಲೆಯ ಮೇಲೆ ಖಾಲಿ ಜಾಗ ಕಂಡರೆ ನೀಲಿ ಬಳಿಯುವ ಜಾತಿ. ವ್ಯತ್ಯಾಸ ಇಷ್ಟೇ, ಅವನು ಮಾರನೆಯ ದಿನ ದೇಶದ ಮುಂದೆ ನಿಂತು ತಪ್ಪಾಯಿತು ಎಂದ. ಸರ್ಕಾರದ ಯಂತ್ರದ ತಪ್ಪನ್ನು ಸರ್ಕಾರದ ಮನುಷ್ಯನೇ ಗಟ್ಟಿಯಾಗಿ ಹೇಳುತ್ತಿದ್ದಾನೆ ಎಂದು ತಿಳಿಸಿದಾಗ ಗೌಡರು ಎದ್ದು ಕಿಟಕಿ ಮುಚ್ಚಿದರು. ಆಗ ನಮ್ಮಲ್ಲಿ ತುರ್ತು ಪರಿಸ್ಥಿತಿ, ಮೆಲ್ಲಗೆ ಮಾತಾಡುವ ಕಾಲ.

ಆಮೇಲೆ ಗೌಡರಿಗೆ ವಿಷಯದ ಬಿಸಿ ತಟ್ಟಿತು. "ನಿನ್ನೆ ಸರ್ಯಾಗಿತ್ತು, ಇವತ್ತು ಕೆಡ್ಸವ್ರೆ! ನಮ್ಮ ಸೊಪ್ಪಿಗೂ ಕೊಳ್ಳೋರು ಹಿಂಗೇ ಮಾಡ್ತಾರೆ ಕಣ್ರೀ, ಬೆಳಗ್ಗೆ ಒಂದು ಗ್ರೇಡು, ಮಧ್ಯಾಹ್ನ ಒಂದು ಗ್ರೇಡು" ಎನ್ನುತ್ತ ಟಿ.ವಿ.ಯ ಹತ್ತಿರ ಹೋದರು. ಬಣ್ಣ ಬದಲಾಯಿಸುವ ತಿರುಪನ್ನು ಡೋರಿಸ್ ತಿರುಗಿಸುವುದನ್ನು ಅವರು ನೋಡಿಕೊಂಡಿದ್ದರು. ಅದನ್ನು ಹಿಡಿದು ತಿರುಗಿಸಿದರು. ಕುಜನ ಆಕಾಶ ನೇರಳೆಯಾಯಿತು, ಇನ್ನೂ ತಿರುಗಿಸಿದರು, ನೀಲಿಗೆ ಬಂತು. ನಮ್ಮ ಜೋಯಿಸರು ಹೋಮ, ಹವಳ, ತೊಗರಿ ದಾನ ಎಂದು ವರ್ಷಗಟ್ಟಲೆ ಮಾಡಿಸಿದ ಕುಜ ಶಾಂತಿಯನ್ನು ಗೌಡರು ಒಂದು ತಿರುಪಿನಲ್ಲಿ ಮುಗಿಸಿದ್ದರು. ಅಷ್ಟರಲ್ಲಿ ಚಿತ್ರ ಹೋಗಿ ವಾರ್ತೆ ಓದುವವನು ಬಂದ. ಅವನ ಮುಖ ಹಾಗಲಕಾಯಿಯ ಹಸಿರಾಗಿತ್ತು. ಡೋರಿಸ್ ಕಿಟಾರನೆ ಕಿರುಚಿದಳು.

ಪೇಟೆಯ ಅಂಗಡಿ

ನಿಜವಾದ ಬಣ್ಣ ಯಾವುದು ಎಂದು ಸರಿಯಾಗಿ ನೋಡಿಕೊಳ್ಳಬೇಕೆಂದು ನನಗೆ ಹಟ ಹತ್ತಿತು. ಮರುದಿನ ಸಂಜೆ ಅರ್ಲ್ ನಮ್ಮನ್ನು ಪೇಟೆಯ ಟಿ.ವಿ. ಅಂಗಡಿಗೆ ಕರೆದೊಯ್ದ. ಗೋಡೆಯುದ್ದಕ್ಕೂ ಟಿ.ವಿ.ಗಳು, ಎಲ್ಲದರಲ್ಲೂ ಅದೇ ವಾರ್ತೆ, ಅದೇ ಮಂಗಳ. ಒಂದರಲ್ಲಿ ಇಟ್ಟಿಗೆ ಬಣ್ಣ, ಒಂದರಲ್ಲಿ ಬದನೆಕಾಯಿ, ಒಂದರಲ್ಲಿ ಹುಳಿ ಮಾವಿನಕಾಯಿ. ಎಷ್ಟೋ ಕೋಟಿ ಮೈಲಿ ದಾಟಿ ಬಂದ ಬಣ್ಣ ಅಂಗಡಿಯ ಗೋಡೆಗೆ ಬಂದು ದಿಕ್ಕಾಪಾಲಾಗಿತ್ತು. ಅಮೆರಿಕದಲ್ಲಿ ಒಂದೊಂದು ಮನೆಗೂ ಒಂದೊಂದು ಮಂಗಳ ಗ್ರಹವಿದೆ, ಯಾರೂ ಇನ್ನೊಬ್ಬರ ಮನೆಗೆ ಫೋನ್ ಮಾಡದೆ ಹೋಗುವುದಿಲ್ಲವಾದ್ದರಿಂದ ಜಗಳವಿಲ್ಲ.

ಸರಿಯಾದ ಬಣ್ಣ ಹೇಗೆ ಗೊತ್ತಾಗುತ್ತದೆ ಎಂದು ಅಂಗಡಿಯವನನ್ನು ಕೇಳಿದೆ. ವಾರ್ತೆ ಓದುವವನ ಮುಖ ಮನುಷ್ಯರ ಬಣ್ಣಕ್ಕೆ ಬರುವವರೆಗೆ ತಿರುಪು ತಿರುಗಿಸಬೇಕು ಎಂದ. ಗೌಡರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ತಮ್ಮ ಮುಂಗೈಯನ್ನು ಟಿ.ವಿ. ಮುಂದೆ ಹಿಡಿದು, "ಯಾವ ಮನುಸ್ರು ಅಂತ ಕೇಳಿ" ಎಂದರು. ನಾನು ಕೇಳಲಿಲ್ಲ. ಅಂಗಡಿಯವನಿಗೆ ಕೈ ನೋಡಿಯೇ ಅರ್ಥವಾಯಿತೇನೋ, ಕೆಂಪಗಾದ. ಯಾವ ತಿರುಪೂ ಇಲ್ಲದೆ ಆದ ಆ ಕೆಂಪಿಗೆ ವಾರ್ತೆ ಓದುವವನ ಮುಖ ಹೊಂದಿದ ಒಂದು ಟಿ.ವಿ. ಹುಡುಕಿ, ಅದನ್ನೇ ನಂಬಿ, ಅದರಲ್ಲಿ ಕಂಡ ಮಂಗಳನನ್ನು ಕಣ್ಣಲ್ಲಿಟ್ಟುಕೊಂಡು ಬಂದೆ. ಎರಡನೇ ಪ್ರತಿಗೆ ಗುಲಾಬಿ ಆಕಾಶ ಹಾಕಿದೆ.

ಗೌಡರು ಅದನ್ನು ಕಂಡು ಸಿಡುಕಿದರು. "ಅದು ಪೆಟ್ಟಿಗೆ ತಳಕ್ಕೆ ಹೋಗ್ಲಿ. ಕೆ.ಆರ್. ನಗರಕ್ಕೆ ನೀಲೀದು. ನಮ್ಮಪ್ಪನ ಕೋಟಿಗೆ ಗುಂಡಿ ಹಾಕೋವಾಗ ನಿಮ್ಗೆ ಈ ನಿಜ ಎಲ್ಲಿತ್ತು?"

ನಾನು ಗುಲಾಬಿಯದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಕೆ.ಆರ್. ನಗರ

ಊರಿಗೆ ಬಂದ ವಾರದಲ್ಲೇ ಗೌಡರು ನನ್ನನ್ನು ಹೊರಡಿಸಿದರು. ದೊಡ್ಡತಾಯಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಹುಡುಗ ಕಂಬದ ಹಿಂದೆ ನಿಂತಿದ್ದ. ಗೌಡರು ರೇಷ್ಮೆ ವಸ್ತ್ರದಲ್ಲಿ ಸುತ್ತಿದ್ದ ನೀಲಿ ಚಿತ್ರವನ್ನು ಅಜ್ಜಿಯ ಕೈಗೆ ಕೊಟ್ಟರು. "ನೋಡ್ರವ್ವಾ, ಇದೇ ಕುಜ. ಹೆದರೋಕೆ ಏನದೆ? ನಮ್ಮ ಹೊಲ ಇದ್ದಂಗೇ ಅದೆ."

ಅಜ್ಜಿ ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಮುಖ ಬಿಗಿಯಾಯಿತು.

"ಊಂ ಕಣಪ್ಪ, ನಮ್ಮ ಹೊಲ ಇದ್ದಂಗೇ ಅದೆ. ನನ್ನ ತವರು ಹ್ಯಾಂಡ್‌ಪೋಸ್ಟ್ ಅನ್ನೋ ಊರಿಂದಾಚೆ. ಅಲ್ಲಿ ಇಂಥದ್ದೇ ಒಂದು ಕಲ್ಲು ಹೊಲಕ್ಕೆ ನಮ್ಮ ದಾಯಾದಿಗಳು ಕೋರ್ಟು ಹತ್ತಿ ನಮ್ಮಣ್ಣನ ಪ್ರಾಣ ತಿಂದ್ರು. ಇಂಥ ಒಲ ಇದ್ಮೇಲೆ ಅಲ್ಲೂ ಜನ ಅವ್ರೆ. ಜನ ಇದ್ಮೇಲೆ ದಾಯಾದಿಗಳೂ ಅವ್ರೆ. ಅಂಥೋರ ಕಣ್ಣು ನನ್ನ ಮೊಮ್ಮಗನ ಮ್ಯಾಲೆ ಬೀಳೋದು ಬ್ಯಾಡ."

ಚಿತ್ರ ವಾಪಸು ಬಂತು. ಸಮುದ್ರ ದಾಟಿ ತಂದದ್ದು ಜಗಲಿ ದಾಟಲಿಲ್ಲ. ನಾನು ತಡೆಯಲಾರದೆ ಚೀಲದಿಂದ ಎರಡನೆಯ ಚಿತ್ರ ತೆಗೆದೆ.

"ಅಜ್ಜಿ, ಅದರ ಬಣ್ಣ ತಪ್ಪು. ಇದು ಸರಿ. ಮೊದಲು ಅವರು ನೀಲಿ ಅಂದ್ರು. ಮಾರನೇ ದಿನ ಅವರೇ ಬಂದು ತಪ್ಪಾಯ್ತು ಅಂದ್ರು."

"ತಪ್ಪಾಯ್ತು ಅಂದ್ರಾ? ಎಲ್ರ ಮುಂದೆ?"

"ಎಲ್ಲರ ಮುಂದೆ."

"ಅಂಗಾದ್ರೆ ಇದು ನಿಜ ಇದ್ದಾತು ಕೊಡಿ. ನಮ್ಮ ಜೋಯಿಸಪ್ಪ ಇಷ್ಟು ವರ್ಸದಲ್ಲಿ ಒಂದ್ ಸಲಾನೂ ತಪ್ಪಾಯ್ತು ಅಂದೋನಲ್ಲ."

ಅಜ್ಜಿ ಗುಲಾಬಿ ಆಕಾಶವನ್ನು ನೋಡುತ್ತ ಕೂತರು. ಕುಟ್ಟಾಣಿಯ ಸದ್ದು ನಿಂತಿತ್ತು.

"ಅಯ್ಯೋ ಶಿವನೇ. ಒಂದು ನರಪಿಳ್ಳೆ ಇಲ್ಲ. ಒಂದು ಕಾಗೆ ಇಲ್ಲ. ಮ್ಯಾಲೂ ಧೂಳು, ಕೆಳಗೂ ಧೂಳು. ಯಾರ ಮನೇಲಿ ಏನ್ ನಡೆದ್ರೂ ಇದನ್ನ ಕರೆಯೋರಿಲ್ಲ." ಬಾಯಲ್ಲಿದ್ದುದನ್ನು ಉಗಿದು ಬಂದು ಮತ್ತೆ ಕೂತರು. "ಇದು ಕೆಡುಕು ಮಾಡೋದಲ್ಲ ಕಣಪ್ಪ, ಸಿಟ್ಟು. ನಮ್ಮ ಭಾವ ಇರ್ಲಿಲ್ವಾ, ನಾಮಕರಣಕ್ಕೆ ಕರೀಲಿಲ್ಲ ಅಂತ ಸಾಯೋಗಂಟ ಮಾತಾಡ್ಲಿಲ್ಲ. ಎಲ್ರೂ ಇದನ್ನ ದೂರ ಇಡೋರೇ. ಒಬ್ರಾದ್ರೂ ಎಲೆ ಅಡಿಕೆ ಇಟ್ಟು ಬಾ ಅಂದಿದ್ದೀರಾ? ಕರೀರಿ. ಪಟ ಮಡಗಿ, ಮೊದಲ್ನೇ ಎಲೆ ಅದಕ್ಕೇ ಹಾಕಿ. ಆಮೇಲೆ ಅದೇನ್ ಮಾಡ್ತದೋ ನೋಡವ."

ಕಂಬದ ಹಿಂದಿನಿಂದ ಹುಡುಗ ನಕ್ಕದ್ದು ಕೇಳಿಸಿತು.

ಮೊದಲ ಎಲೆ

ಮದುವೆ ಗೌಡರ ಮನೆಯ ಮುಂದೆಯೇ ನಡೆಯಿತು. ಚಪ್ಪರದಲ್ಲಿ ಬೀಗರ ಸಾಲಿನ ತುದಿಗೆ ಒಂದು ಕುರ್ಚಿ. ಕುರ್ಚಿಯ ಮೇಲೆ ಚೌಕಟ್ಟು ಹಾಕಿಸಿದ ಗುಲಾಬಿ ಆಕಾಶದ ಮಂಗಳ ಗ್ರಹ, ಕುಂಕುಮ ಇಟ್ಟು ಕನಕಾಂಬರದ ಮಾಲೆ ಹಾಕಿತ್ತು. ಬಂದವರು ಯಾರೋ ತೀರಿಕೊಂಡ ಹಿರಿಯರಿರಬೇಕೆಂದು ಕೈ ಮುಗಿದು ಹೋಗುತ್ತಿದ್ದರು. ಜೋಯಿಸರೂ ಬಂದಿದ್ದರು. ಈ ಪರಿಹಾರ ತಾವೇ ಸೂಚಿಸಿದ್ದು ಎಂದು ಮಂತ್ರದ ನಡುನಡುವೆ ಎಲ್ಲರಿಗೂ ಹೇಳುತ್ತಿದ್ದರು. ನಾನು ಸ್ಟುಡಿಯೋದ ಕ್ಯಾಮೆರಾ ಹಿಡಿದು ನಿಂತಿದ್ದೆ.

ಧಾರೆ ಮುಗಿದು ಎಲೆ ಹಾಕಿದರು. ಮೊದಲ ಎಲೆ ಕುರ್ಚಿಯ ಮುಂದಿನ ಮಣೆಯ ಮೇಲೆ. ಪಾಯಸ, ಕೋಸಂಬರಿ, ಪಲ್ಯ, ಅನ್ನ, ಒಂದೂ ಬಿಡದೆ ಬಡಿಸಿದರು. ದೊಡ್ಡತಾಯಮ್ಮ ಪಕ್ಕದಲ್ಲಿ ಕೂತು, "ನಿಧಾನಕ್ಕೆ ಉಣ್ಣಪ್ಪ" ಎಂದು ಉಪಚಾರ ಮಾಡಿದರು. ಅರ್ಲ್ ಮನೆಯಲ್ಲಿ ನಮಗೆ ಸಿಗದೆ ಹೋದ ಉಪಚಾರ.

ರತ್ನ ಆ ಚಿತ್ರವನ್ನು ಕಂಡದ್ದು ಆಗ. ಅಪ್ಪ ಅಲ್ಲಿಯವರೆಗೂ ತೋರಿಸಿರಲಿಲ್ಲ. ಗಂಡನ ಪಕ್ಕದಲ್ಲಿ ಕೂತವಳು ಕತ್ತು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಇಷ್ಟೇನಾ ಮೇಷ್ಟ್ರೇ?"

"ಇಷ್ಟೇ ಕಣಮ್ಮ."

"ವಿಚಾರಿಸಿದ್ರಾ, ನಾನು ಅದಕ್ಕೇನ್ ಮಾಡಿದ್ದೆ ಅಂತ?"

ನಾನು ಕ್ಯಾಮೆರಾ ಕೆಳಗಿಳಿಸಿದೆ. ಅವಳು ಸಾಲಿನ ಮೇಲಿಂದ ಅಡುಗೆ ಮನೆಯ ಬಾಗಿಲಿಗೆ ಕಣ್ಣು ಹಾಯಿಸಿದಳು. ಅಲ್ಲಿ ಜಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಧಾರೆ ಎರೆಯುವವರು ಬೆಳಗಿನಿಂದ ಉಪವಾಸ. ಧಾರೆ ಮುಗಿದಿತ್ತು, ಆದರೆ ಬೀಗರ ಊಟ ಮುಗಿಯದೆ ಹೆಣ್ಣಿನ ತಾಯಿ ಉಣ್ಣುವ ಹಾಗಿಲ್ಲ. ಮುಖ ಬಾಡಿ ಹೋಗಿತ್ತು.

ರತ್ನ ಎದ್ದಳು. ಸೀದಾ ಕುರ್ಚಿಯ ಹತ್ತಿರ ಹೋಗಿ, ಬಡಿಸಿದ ಎಲೆಯನ್ನು ಮಣೆಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅಯ್ಯಯ್ಯೋ, ಬಡಿಸಿದ ಎಲೆ ಎತ್ತಬಾರ್ದು ಕಣವ್ವಾ! ಅದು ನೋಡ್ತಾ ಅದೆ!" ಎಂದು ದೊಡ್ಡತಾಯಮ್ಮ ಕೂಗಿದರು.

"ನೋಡ್ಲಿ ಬುಡಿ ಅಜ್ಜಿ. ನಮ್ಮವ್ವ ಅಷ್ಟೊಂದು ಮಂಗಳವಾರ ಹಸ್ಕೊಂಡಿದ್ದನ್ನೂ ಅದು ನೋಡ್ತಾನೇ ಇತ್ತು."

ಅವಳು ಎಲೆ ತಂದು ತಾಯಿಯ ಮುಂದೆ ಇಟ್ಟು, ಭುಜ ಹಿಡಿದು ಕೂರಿಸಿದಳು. ಜಯಮ್ಮ ಬೇಡ ಎನ್ನಬಹುದು, ನಮ್ಮ ಪದ್ಧತಿಯಂತೆ ಇನ್ನೊಂದು ಸಲ ಹೇಳಿಸಿಕೊಳ್ಳಬಹುದು ಎಂದು ನಾನು ಕಾದೆ. ಅವರು ಒಂದು ಮಾತೂ ಆಡದೆ ಬಲಗೈ ತೊಳೆದುಕೊಂಡು ಊಟಕ್ಕೆ ಶುರು ಮಾಡಿದರು. ಪಾಯಸ ಮುಗಿದಾಗ ಬಡಿಸುವವನನ್ನು ತಾವೇ ಕರೆದು ಮತ್ತೊಮ್ಮೆ ಹಾಕಿಸಿಕೊಂಡರು.